ಕಲ್ಲಿಗೆ ವಿಳಾಸ ಬರೆದ ಅಧಿಕಾರಿ: ಬಿ.ಎಲ್. ರೈಸ್ ಮತ್ತು ದಾರಿಬದಿಯ ಶಾಸನಗಳು

ಹಳೆಯ ಮೈಸೂರು ಸೀಮೆಯಲ್ಲಿ ಬರಹದ ಕಲ್ಲುಗಳು ಹೆಚ್ಚಾಗಿ ಸಿಗುವುದು ಜನ ಓಡಾಡುವ ಜಾಗಗಳಲ್ಲೇ: ಊರಬಾಗಿಲು, ಕೆರೆಯ ಏರಿ, ತೂಬಿನ ಮಗ್ಗುಲು, ಗುಡಿಯ ಮುಂದಿನ ಬಯಲು, ಎರಡು ಊರುಗಳ ಗಡಿ. ತುರು ಬಿಡಿಸಲು ಹೋಗಿ ಮಡಿದವನ ವೀರಗಲ್ಲು, ಗಂಡನ ಚಿತೆಯೇರಿದವಳ ಮಾಸ್ತಿಕಲ್ಲು, ಗದ್ದೆ ಬಿಟ್ಟುಕೊಟ್ಟ ದಾನಶಾಸನ, ಎಲ್ಲವನ್ನೂ ದಾರಿಹೋಕರು ಕಾಣಲಿ ಎಂದೇ ನೆಟ್ಟರು. ಮುಂದೆ ಅದೇ ಜಾಗ ಅವಕ್ಕೆ ಮುಳುವಾಯಿತು. ಬಂಡಿದಾರಿ ಟಾರು ರಸ್ತೆಯಾದಾಗ, ಏರಿ ಅಗಲವಾದಾಗ, ಊರಬಾಗಿಲು ಬಿದ್ದಾಗ ಮೊದಲು ಅಡ್ಡ ಬಂದದ್ದು ಈ ಕಲ್ಲುಗಳೇ.

ಇವುಗಳಲ್ಲಿ ಸುಮಾರು 9,000 ಶಾಸನಗಳನ್ನು ಓದಿಸಿ, ಅಚ್ಚು ಹಾಕಿಸಿದವರು ಮೈಸೂರು ಸರ್ಕಾರದ ನೌಕರ ಬೆಂಜಮಿನ್ ಲೂಯಿಸ್ ರೈಸ್. ಅವರನ್ನು 'ಶಾಸನ ಪಿತಾಮಹ' ಎಂದು ಕರೆದು ಗೌರವಿಸುತ್ತೇವೆ. ಆದರೆ ಅವರು ಮಾಡಿದ ಕೆಲಸದ ರೀತಿ ಯಾವುದು, ಅದು ಯಾವುದನ್ನು ಉಳಿಸಿತು, ಯಾವುದನ್ನು ಉಳಿಸಲಾಗಲಿಲ್ಲ ಎಂದು ಬಿಡಿಸಿ ನೋಡುವುದು ಕಡಿಮೆ. ನಮ್ಮ ಅಭಿಪ್ರಾಯದಲ್ಲಿ ರೈಸ್ ಬಿಟ್ಟುಹೋದ ದೊಡ್ಡ ಆಸ್ತಿ ಅವರ ಇಂಗ್ಲಿಷ್ ಅನುವಾದವಲ್ಲ, ಅವರು ಕಟ್ಟಿದ ರಾಜವಂಶಾವಳಿಯೂ ಅಲ್ಲ. ಪ್ರತಿ ಕಲ್ಲಿಗೂ ಅವರು ಬರೆದಿಟ್ಟ ವಿಳಾಸ. ಕಲ್ಲು ಕಾಣೆಯಾದ ಊರಲ್ಲೂ ಆ ವಿಳಾಸ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

ನೌಕರಿಯ ದಾರಿ

ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರ ಜುಲೈ 17ರಂದು. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಓದಿಗೆ ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ಹಿಂತಿರುಗಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಮುಂದೆ ಸೆಂಟ್ರಲ್ ಕಾಲೇಜಾದದ್ದು ಅದೇ ಸಂಸ್ಥೆ. 1865ರಲ್ಲಿ ಮೈಸೂರು ಮತ್ತು ಕೊಡಗಿನ ಶಾಲಾ ಇನ್‌ಸ್ಪೆಕ್ಟರ್ ಹುದ್ದೆ ಸಿಕ್ಕಿತು. ಆ ಕೆಲಸವೇ ತಿರುಗಾಟದ್ದು. ಕುದುರೆಯ ಮೇಲೆ ಹಳ್ಳಿಯಿಂದ ಹಳ್ಳಿಗೆ ಹೋಗಿ ಶಾಲೆ ತಪಾಸಣೆ ಮಾಡಬೇಕು. ಕನ್ನಡ ಆಡುಭಾಷೆಯಾಗಿ ಬರುತ್ತಿದ್ದ ಅಧಿಕಾರಿಯ ಕಣ್ಣಿಗೆ ದಾರಿಯುದ್ದಕ್ಕೂ ಈ ಕಲ್ಲುಗಳು ಬಿದ್ದವು.

ಅದೇ 1865ರಲ್ಲಿ ಮೈಸೂರಿನ ಕಮಿಷನರ್ ಬೌರಿಂಗ್ ಅವರ ಕಾಲದಲ್ಲಿ ಮೇಜರ್ ಡಿಕ್ಸನ್ ಎಂಬವರಿಂದ 150 ಶಾಸನಗಳ ಫೋಟೊ ತೆಗೆಸಲಾಗಿತ್ತು. ಅವುಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಪಾಲಿಗೆ ಬಂತು; 1879ರಲ್ಲಿ ಆ ಅನುವಾದಗಳು ಪುಸ್ತಕವಾದವು. ಅದು ಫೋಟೊ ಮುಂದಿಟ್ಟುಕೊಂಡು ಮಾಡಿದ ಕೆಲಸ. ಮುಂದಿನದು ಕಲ್ಲಿನ ಬಳಿಗೇ ಹೋಗಿ ಮಾಡಿದ್ದು, ಎರಡಕ್ಕೂ ಅಜಗಜಾಂತರ. ಈ ನಡುವೆ ಗೆಜೆಟಿಯರ್ ಬರೆದರು, ಜನಗಣತಿ ನೋಡಿಕೊಂಡರು, ಶಿಕ್ಷಣ ಇಲಾಖೆಯ ಹೊಣೆ ಹೊತ್ತರು. 1885ರ ಸುಮಾರಿಗೆ ಪುರಾತತ್ವದ ಕೆಲಸಕ್ಕೆಂದೇ ಇಲಾಖೆ ಶುರುವಾದಾಗ ಅದು ಅವರಿಗೆ ಹೆಚ್ಚುವರಿ ಹೊಣೆ, 1890ರಿಂದ ಪೂರ್ಣಾವಧಿ. ನಿವೃತ್ತಿ 1906ರಲ್ಲಿ.

ರೈಸ್ ಅವರ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ' 12 ಸಂಪುಟಗಳಾಗಿ ಬಂತು. 1886ರಲ್ಲಿ ಕೊಡಗು, 1889ರಲ್ಲಿ ಶ್ರವಣಬೆಳಗೊಳ, ಆಮೇಲೆ ಮೈಸೂರು ಜಿಲ್ಲೆಗೆ ಎರಡು, ಶಿವಮೊಗ್ಗಕ್ಕೆ ಎರಡು, ಹಾಸನ, ಕಡೂರು, ಬೆಂಗಳೂರು, ಕೋಲಾರ, ಚಿತ್ರದುರ್ಗ, ತುಮಕೂರುಗಳಿಗೆ ಒಂದೊಂದು. 1905ಕ್ಕೆ ಸಂಸ್ಥಾನದ ಎಂಟೂ ಜಿಲ್ಲೆ ಮುಗಿದವು. ಇದರ ನಡುವೆಯೇ 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ನಾಗವರ್ಮನ ಭಾಷಾಭೂಷಣ, ಭಟ್ಟಾಕಳಂಕನ ಶಬ್ದಾನುಶಾಸನ, ಪಂಪಭಾರತಗಳನ್ನು ಅಚ್ಚಿಗೆ ತಂದದ್ದು ಇದೇ ಅವಧಿಯ ಇನ್ನೊಂದು ಸಾಲು.

ಸಂಪುಟದ ಕಟ್ಟಡ

ಪ್ರತಿ ಸಂಪುಟದಲ್ಲಿ ಶಾಸನದ ಪಾಠ ಮೂರು ರೂಪದಲ್ಲಿದೆ: ರೋಮನ್ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅನುವಾದದಲ್ಲಿ ಒಮ್ಮೆ, ಕನ್ನಡ ಲಿಪಿಯಲ್ಲಿ ಒಮ್ಮೆ. ಮುಂದೆ ಪೀಠಿಕೆ, ಕಾಲಾನುಕ್ರಮದ ಪಟ್ಟಿ. ಸಂಶೋಧಕರು ಸಾಮಾನ್ಯವಾಗಿ ಪೀಠಿಕೆಯನ್ನೂ ಅನುವಾದವನ್ನೂ ಓದುತ್ತಾರೆ. ಕಲ್ಲು ಹುಡುಕುವವರು ತೆರೆಯಬೇಕಾದದ್ದು ಕನ್ನಡ ಭಾಗವನ್ನು. ಯಾವ ಹೋಬಳಿ, ಯಾವ ಗ್ರಾಮ, ಗುಡಿಯ ಮುಂದೆ ನೆಟ್ಟದ್ದೋ ಕೆರೆಯ ತೂಬಿನಲ್ಲಿದೆಯೋ ಹೊಲದಲ್ಲಿದೆಯೋ ಎಂಬುದು ಅಲ್ಲಿ ಶಾಸನದ ತಲೆಯ ಮೇಲೇ ಇರುತ್ತದೆ. ಹಲವು ಕಡೆ ಕಲ್ಲಿನ ಅಳತೆಯೂ ಇರುತ್ತದೆ.

ಸಂಖ್ಯೆ ಕೊಟ್ಟ ಕ್ರಮ ಸರಳ: ತಾಲ್ಲೂಕಿನ ಹೆಸರು, ಅದರ ಮುಂದೆ ಅಂಕಿ. ತಾಳಗುಂದದ ಕದಂಬರ ಸ್ತಂಭಶಾಸನ 'ಶಿಕಾರಿಪುರ 176', ಆತಕೂರಿನ ವೀರಗಲ್ಲು 'ಮಂಡ್ಯ 41'. ರಾಜವಂಶದ ಪ್ರಕಾರವೋ ಕಾಲದ ಪ್ರಕಾರವೋ ಸಂಖ್ಯೆ ಕೊಟ್ಟಿದ್ದರೆ ವಿದ್ವಾಂಸರಿಗೆ ಅನುಕೂಲವಾಗುತ್ತಿತ್ತು. ಆದರೆ ಒಂದು ಶಾಸನದ ಕಾಲ ನಿರ್ಣಯ ಬದಲಾದರೆ ಪಟ್ಟಿಯೇ ಕದಲುತ್ತಿತ್ತು. ಕಂದಾಯ ಆಡಳಿತದ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಸರಪಳಿಗೇ ಶಾಸನಗಳನ್ನು ಪೋಣಿಸಿದ್ದು ಆಡಳಿತ ಬಲ್ಲವನ ಬುದ್ಧಿ. ಶಾನುಭೋಗರಿಗೂ ಪಟೇಲರಿಗೂ ಅರ್ಥವಾಗುವ ಕ್ರಮ ಅದು.

ಒಂದು ಕಲ್ಲು: ಮಂಡ್ಯ 41

ಈ ಕ್ರಮದ ಬಲವೂ ಮಿತಿಯೂ ಒಟ್ಟಿಗೆ ಕಾಣುವುದು ಆತಕೂರಿನ ಕಲ್ಲಿನಲ್ಲಿ. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಗೆದ್ದದ್ದು, ಗಂಗ ಇಮ್ಮಡಿ ಬೂತುಗನ ಪಾತ್ರ, ಬೂತುಗನ ಭಟ ಮಣಲೆರನ ಪರಾಕ್ರಮ ಎಲ್ಲ ಅದರಲ್ಲಿದೆ. ಮೆಚ್ಚಿದ ಒಡೆಯನಿಂದ ಮಣಲೆರ ಕೇಳಿ ಪಡೆದದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಅದನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಎರಡೂ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿ ಬಿಟ್ಟರು. ಆ ಸ್ಥಾನ ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲನ್ನು ಪೂಜಿಸದೆ ಉಂಡರೆ ಪಾಪ ಎಂದೂ ಬರೆದರು.

ಗಮನಿಸಬೇಕಾದದ್ದು ಈ ಕೊನೆಯ ಮಾತು. ಕಲ್ಲು ನೆಟ್ಟವರು ಅದನ್ನು ಕಾಯುವ ಏರ್ಪಾಡನ್ನೂ ಮಾಡಿದ್ದರು: ಒಬ್ಬ ಮನುಷ್ಯ, ಅವನಿಗೆ ಜೀವನಕ್ಕೆ ನೆಲ, ತಪ್ಪಿದರೆ ಶಾಪ. ದಾನಶಾಸನಗಳ ಕೊನೆಯಲ್ಲಿ ಬರುವ, ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ ಕಿತ್ತುಕೊಂಡವನನ್ನು ಶಪಿಸುವ 'ಸ್ವದತ್ತಾಂ ಪರದತ್ತಾಂ ವಾ' ಶ್ಲೋಕದ ಕೆಲಸವೂ ಇದೇ. ಆ ನೆಲದ ನಂಟು ಕಡಿದ ಮೇಲೆ ಕಲ್ಲಿಗೆ ದಿಕ್ಕಿಲ್ಲ. ರೈಸ್ ಕಾಲಕ್ಕೆ ಅಸಂಖ್ಯ ಕಲ್ಲುಗಳು ಆಗಲೇ ಆ ಸ್ಥಿತಿಯಲ್ಲಿದ್ದವು.

ಇನ್ನು ವಿಳಾಸ. 1894ರ ಸಂಪುಟದಲ್ಲಿ ಈ ಕಲ್ಲು ಮೈಸೂರು ಜಿಲ್ಲೆಯ ಮಂಡ್ಯ ತಾಲ್ಲೂಕಿನದು. 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು. ಊರು ಈಗ ಮದ್ದೂರು ತಾಲ್ಲೂಕಿನಲ್ಲಿದೆ. ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಜಿಲ್ಲೆ, ತಾಲ್ಲೂಕು, ಕಲ್ಲಿನ ನೆಲೆ ಮೂರೂ ಬದಲಾದರೂ 'ಮಂಡ್ಯ 41' ಎಂದರೆ ಬಲ್ಲವರಿಗೆ ಇಂದಿಗೂ ಇದೊಂದೇ ಕಲ್ಲು.

ಕಾಲ ಲೆಕ್ಕ ಹಾಕುವವರಿಗೂ ಇದು ಒಳ್ಳೆಯ ಪಾಠ. ಕಲ್ಲಿನಲ್ಲಿರುವುದು ಶಕ 872, ಸೌಮ್ಯ ಸಂವತ್ಸರ. ಶಕಕ್ಕೆ 78 ಕೂಡಿಸುವ ರೂಢಿಯಂತೆ 950 ಬರುತ್ತದೆ. ಆದರೆ ಸೌಮ್ಯ ಸಂವತ್ಸರ ಬೀಳುವುದು 949–50ರಲ್ಲಿ. ಅಂದರೆ ಇಲ್ಲಿ ಎಣಿಸಿರುವುದು ಮುಗಿದ ಶಕವರ್ಷಗಳನ್ನಷ್ಟೇ ಅಲ್ಲ, ಆಗ ನಡೆಯುತ್ತಿದ್ದ ವರ್ಷವನ್ನೂ ಸೇರಿಸಿ. ಶಕವೂ ಸಂವತ್ಸರವೂ ಹೊಂದದಿದ್ದರೆ ಓದಿದ್ದು ತಪ್ಪೆಂದು ಅವಸರಪಡದೆ ಮೊದಲು ಈ ಒಂದು ವರ್ಷದ ಅಂತರವನ್ನು ನೋಡಬೇಕು.

ಎಲ್ಲಿ ಕೊರತೆ ಉಳಿಯಿತು

ಒಂದು, ಸಂಗ್ರಹ ಪೂರ್ಣವಾಗಿರಲಿಲ್ಲ. ಆಗುವುದು ಸಾಧ್ಯವೂ ಇರಲಿಲ್ಲ. ಶ್ರವಣಬೆಳಗೊಳದಲ್ಲಿ ರೈಸ್ ಕೊಟ್ಟದ್ದು 144 ಶಾಸನ. ಅವರ ನಂತರ ಇಲಾಖೆ ನಡೆಸಿದ ಆರ್. ನರಸಿಂಹಾಚಾರ್ ಅದೇ ಸಂಪುಟವನ್ನು 1923ರಲ್ಲಿ ಪರಿಷ್ಕರಿಸಿದಾಗ 500 ಆಯಿತು. ಮೈಸೂರು ವಿಶ್ವವಿದ್ಯಾನಿಲಯದ 1973ರ ಪರಿಷ್ಕರಣದಲ್ಲಿ 573. ಎಲ್ಲರಿಗೂ ಗೊತ್ತಿರುವ ಒಂದು ಕ್ಷೇತ್ರದಲ್ಲೇ ಹೀಗಾದರೆ ಹಳ್ಳಿಗಾಡಿನ ಮಾತೇನು! ಬೇಗೂರಿನಲ್ಲಿ ಬೆಂಗಳೂರಿನ ಕಾಳಗವನ್ನು ಹೇಳುವ ಕಲ್ಲು ಸಿಕ್ಕಿದ್ದು ನರಸಿಂಹಾಚಾರ್ ಕಾಲದಲ್ಲಿ. ಬೇಲೂರು ತಾಲ್ಲೂಕಿನ ಹಲ್ಮಿಡಿಯ 16 ಸಾಲಿನ ಶಾಸನವನ್ನು ಎಂ.ಎಚ್. ಕೃಷ್ಣ ಪ್ರಕಟಿಸಿದ್ದು 1936ರಲ್ಲಿ, ಹಾಸನ ಸಂಪುಟ ಬಂದು ಮೂರು ದಶಕಗಳ ಮೇಲೆ. ಬೆಂಗಳೂರಿನ ಹೆಬ್ಬಾಳದಲ್ಲಿ ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಚರಂಡಿ ಅಗೆಯುವಾಗ ಮೇಲೆ ಬಂತು. ರೈಸ್ ಪಟ್ಟಿಯಲ್ಲಿ ಇಲ್ಲ ಅಂದಮಾತ್ರಕ್ಕೆ ಊರಲ್ಲಿ ಕಲ್ಲಿಲ್ಲ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು.

ಎರಡು, ಓದಿನ ದೋಷ. ಸವೆದ ಕಲ್ಲು, ಅವಸರದ ಪ್ರತಿ, ಅಚ್ಚಿನ ತಪ್ಪು ಮೂರೂ ಸೇರಿವೆ. ಗಂಗರ ಕೆಲವು ತಾಮ್ರಪಟಗಳ ಬಗ್ಗೆ ಶಾಸನತಜ್ಞ ಜೆ.ಎಫ್. ಫ್ಲೀಟ್ ಅವರಿಗೂ ರೈಸ್ ಅವರಿಗೂ ದೀರ್ಘ ವಾದ ನಡೆಯಿತು. ಕೂಟಪಟಗಳೆಂದು (ಖೋಟಾ ಪಟಗಳೆಂದು) ಫ್ಲೀಟ್ ತಳ್ಳಿಹಾಕಿದ್ದನ್ನು ರೈಸ್ ಎತ್ತಿಹಿಡಿದರು. ಗಂಗರ ಆದಿಕಾಲದ ವಿಷಯದಲ್ಲಿ ರೈಸ್ ಪೀಠಿಕೆಯನ್ನು ಇಂದು ಹಾಗೆಯೇ ಉದ್ಧರಿಸುವುದು ಸರಿಯಲ್ಲ. ಪರಿಷ್ಕೃತ ಸಂಪುಟ ಪಕ್ಕದಲ್ಲಿರಬೇಕು.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಇಲಾಖೆಯ ಕೆಲಸ ಓದಿ ಅಚ್ಚು ಹಾಕುವಲ್ಲಿಗೆ ನಿಲ್ಲುತ್ತಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಸ್ಮಾರಕ ರಕ್ಷಣೆಯ ಕಾಯಿದೆ ಬಂದದ್ದು 1904ರಲ್ಲಿ, ಮೈಸೂರು ಸಂಸ್ಥಾನದ ಕಾಯಿದೆ 1925ರಲ್ಲಿ. ಅಷ್ಟರಲ್ಲಿ ರೈಸ್ ನಿವೃತ್ತರಾಗಿ 19 ವರ್ಷ ಕಳೆದಿತ್ತು. 1961ರ ಕರ್ನಾಟಕದ ಕಾಯಿದೆಯಲ್ಲೂ ರಕ್ಷಣೆ ಸಿಗುವುದು ಅಧಿಸೂಚನೆಯಲ್ಲಿ ಹೆಸರಿರುವ ಸ್ಮಾರಕಕ್ಕೆ. ಬೇಲಿಯ ಬದಿಯ ಒಂಟಿ ವೀರಗಲ್ಲಿಗೆ ಆ ಪಟ್ಟಿಯಲ್ಲಿ ಜಾಗ ಸಿಗುವುದು ಅಪರೂಪ. ಹೀಗಾಗಿ ಪಾಠ ಪುಸ್ತಕದಲ್ಲಿ ಭದ್ರವಾಯಿತು, ಕಲ್ಲು ರಸ್ತೆಯ ಪಾಲಾಯಿತು. ಇದನ್ನು ರೈಸ್ ಅವರ ತಪ್ಪೆನ್ನಲಾಗದು. ಅವರು ಕಾಗದದ ಮೇಲೆ ಇಳಿಸದಿದ್ದರೆ ಪಾಠವೂ ಹೋಗುತ್ತಿತ್ತು.

ಆ ವಿಳಾಸ ಹಿಡಿದು ಇವತ್ತು ಹುಡುಕುವುದು

ಮೊದಲು ಹಳೆಯ ತಾಲ್ಲೂಕಿನ ಹೆಸರು ಬಿಡಿಸಿಕೊಳ್ಳಬೇಕು. ಕಡೂರು ಜಿಲ್ಲೆ ಎಂದರೆ ಇಂದಿನ ಚಿಕ್ಕಮಗಳೂರು, ಕಾನಕಾನಹಳ್ಳಿ ಎಂದರೆ ಕನಕಪುರ, ಕ್ಲೋಸ್‌ಪೇಟೆ ಎಂದರೆ ರಾಮನಗರ, ಫ್ರೆಂಚ್‌ರಾಕ್ಸ್ ಎಂದರೆ ಪಾಂಡವಪುರ, ಅಟ್ಟಿಕುಪ್ಪ ಎಂದರೆ ಕೃಷ್ಣರಾಜಪೇಟೆ. ಆಮೇಲೆ ಗ್ರಾಮ ನಕಾಶೆಯಲ್ಲಿ ಊರು ಇದೆಯೋ ಬೇಚರಾಕ್ (ಜನವಸತಿ ಇಲ್ಲದ ಗ್ರಾಮ) ಆಗಿದೆಯೋ ನೋಡಬೇಕು. ಕನ್ನಂಬಾಡಿ, ಲಿಂಗನಮಕ್ಕಿಯಂಥ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರಾದರೆ ಪುನರ್ವಸತಿ ಹಳ್ಳಿಯ ಗುಡಿಯಲ್ಲೂ ವಿಚಾರಿಸಬೇಕು; ಊರು ಬಿಡುವಾಗ ಜನ ದೇವರ ಜೊತೆ ಕಲ್ಲನ್ನೂ ಹೊತ್ತುಕೊಂಡು ಹೋಗಿರುವುದುಂಟು.

ಸರ್ವೆ ನಂಬರ್ ರೈಸ್ ಕೊಟ್ಟಿಲ್ಲ, ಕೊಟ್ಟಿರುವುದು ಗುರುತು. 'ತೂಬಿನ ಬಳಿ' ಎಂದಿದ್ದರೆ ಈಗಿನ ಕಾಂಕ್ರೀಟ್ ತೂಬಲ್ಲ, ಹಳೆಯ ಕಲ್ಲುತೂಬು ಎಲ್ಲಿತ್ತೆಂದು ಕೇಳಬೇಕು. 'ಊರ ಮುಂದೆ' ಎಂದಿದ್ದರೆ ಹಳೆಯ ಊರಬಾಗಿಲು ಯಾವ ದಿಕ್ಕಿಗಿತ್ತು ಎಂಬುದು ಮುಖ್ಯ, ಬಸ್ ನಿಲ್ದಾಣವಲ್ಲ. ಊರಲ್ಲಿ ಕೇಳುವಾಗ 'ಶಾಸನ' ಎಂದರೆ ಹಲವರಿಗೆ ಹೊಳೆಯುವುದಿಲ್ಲ. ಬರಹದ ಕಲ್ಲು, ವೀರಗಲ್ಲು, ಮಾಸ್ತಮ್ಮ, ಸೂರ್ಯ-ಚಂದ್ರ ಇರುವ ಕಲ್ಲು ಎಂದು ಕೇಳಿದರೆ ದಾರಿ ಸಿಗುತ್ತದೆ. ದನ ಮೇಯಿಸುವವರು, ನೀರುಗಂಟಿ, ಗುಡಿಯ ಪೂಜಾರಿ ಈ ಮೂವರಲ್ಲಿ ಒಬ್ಬರಿಗೆ ಗೊತ್ತಿರುತ್ತದೆ. ಸಿಗದಿದ್ದರೆ ಬಟ್ಟೆ ಒಗೆಯುವ ಕಲ್ಲು, ಮೋರಿಯ ಮೇಲಿನ ಚಪ್ಪಡಿ, ಅರಳಿಕಟ್ಟೆಯ ಅಂಚು, ಮನೆಯ ಮೆಟ್ಟಿಲು ನೋಡಬೇಕು. ನಿಧಿಯಿದೆ ಎಂದು ಬುಡ ಅಗೆದು ಉರುಳಿಸಿದ ಕಲ್ಲುಗಳು ಹೆಚ್ಚಾಗಿ ಮುಖ ಕೆಳಗಾಗಿ ಬಿದ್ದಿರುತ್ತವೆ.

ಸಿಕ್ಕ ಮೇಲೆ ರೈಸ್ ಬಿಟ್ಟದ್ದನ್ನು ತುಂಬಬೇಕು: ಜಿಪಿಎಸ್ ಅಂಕಿ, ನಾಲ್ಕೂ ಬದಿಯ ಫೋಟೊ, ಎತ್ತರ-ಅಗಲ-ದಪ್ಪ, ಮುಖ ಮಾಡಿರುವ ದಿಕ್ಕು, ನೆಲದ ಮೇಲೆ ಕಾಣುವ ಸಾಲುಗಳ ಸಂಖ್ಯೆ. ಪುಸ್ತಕದಲ್ಲಿ 20 ಸಾಲಿದ್ದು ಕಣ್ಣಿಗೆ ಕಾಣುವುದು 14 ಆದರೆ ಉಳಿದದ್ದು ಮಣ್ಣಿನಲ್ಲಿದೆ ಅಥವಾ ಹಿಂಬದಿಯಲ್ಲಿದೆ. ಫೋಟೊಗೆ ನಡುಹಗಲ ಬಿಸಿಲು ಬೇಡ. ಬೆಳಗಿನ ಓರೆ ಬಿಸಿಲು, ಅಥವಾ ಕತ್ತಲಾದ ಮೇಲೆ ಕಲ್ಲಿನ ಮೈಗೆ ತಾಗುವಂತೆ ಪಕ್ಕದಿಂದ ಹಿಡಿದ ಟಾರ್ಚು, ಸವೆದ ಅಕ್ಷರವನ್ನೂ ಎಬ್ಬಿಸುತ್ತದೆ. ಅಕ್ಷರದ ಮೇಲೆ ಸೀಮೆಸುಣ್ಣ ಎಳೆಯಬಾರದು. ಎಳೆದವನ ಊಹೆಯೇ ಫೋಟೊದಲ್ಲಿ ಪಾಠವಾಗಿ ನಿಂತುಬಿಡುತ್ತದೆ. ಹಿಟ್ಟು ಬಳಿದರೆ ಇರುವೆ, ಬೂಷ್ಟು.

ಪಡಿಯಚ್ಚು, ಅಂದರೆ ಕಲ್ಲಿನ ಬರಹದ ಕಾಗದದ ಅಚ್ಚು, ತೆಗೆಯುವುದಾದರೆ ಮೊದಲು ಒಣ ನಾರಿನ ಬ್ರಷ್ಷಿನಿಂದ ಧೂಳು ತೆಗೆದು, ಆಮೇಲೆ ನೀರು. ಕಲ್ಲುಹೂವು ಗಟ್ಟಿಯಾಗಿದ್ದರೆ ಒದ್ದೆ ಬಟ್ಟೆ ಹೊದಿಸಿ ನೆನೆಯಲು ಬಿಟ್ಟು ಬಿದಿರುಕಡ್ಡಿಯಿಂದ ಎಬ್ಬಿಸಬೇಕು. ತಂತಿ ಬ್ರಷ್ಷೂ ಆಸಿಡ್ಡೂ ಹತ್ತಿರ ಸುಳಿಯಬಾರದು. ಅಂಟು ಹಾಕದ ತೆಳು ಕಾಗದವನ್ನು ಕಲ್ಲಿಗಿಂತ ಸುತ್ತ ಎರಡು ಇಂಚು ಹೆಚ್ಚಾಗಿ ಕತ್ತರಿಸಿ, ನೀರಿನಲ್ಲಿ ನೆನೆಸಿ, ನಡುವಿನಿಂದ ಅಂಚಿನ ಕಡೆಗೆ ಗಾಳಿ ಓಡಿಸುತ್ತ ಹಾಸಬೇಕು. ಬಿರುಸು ಕೂದಲಿನ ಬ್ರಷ್ಷಿನಿಂದ ನೇರವಾಗಿ ಬಡಿದರೆ ಕಾಗದ ಅಕ್ಷರದ ಹಳ್ಳಕ್ಕೆ ಇಳಿಯುತ್ತದೆ. ಹರಿದ ಕಡೆ ಅದೇ ಕಾಗದದ ಒದ್ದೆ ತುಣುಕು ಒತ್ತಿದರೆ ಸಾಕು. ಮಸಿ ಹಚ್ಚುವ ಹದವೇ ಎಲ್ಲಕ್ಕಿಂತ ಕಷ್ಟ. ಕಾಗದ ಅರೆಒಣಗಿರಬೇಕು. ಹೆಚ್ಚು ಒದ್ದೆಯಿದ್ದರೆ ಮಸಿ ಹರಡಿ ಕಲ್ಲಿಗೂ ಇಳಿಯುತ್ತದೆ. ಪೂರ್ತಿ ಒಣಗಿದರೆ ಕಾಗದ ಮೇಲೆದ್ದು ಅಕ್ಷರ ಜೋಡಿಯಾಗುತ್ತದೆ. ಗಾಳಿ ಏಳುವ ಮುಂಚೆ, ಬೆಳಗ್ಗೆಯೇ ಮುಗಿಸುವುದು ಇದಕ್ಕಾಗಿ. ಕಾಡಿಗೆ ಮಸಿಯನ್ನು ಬಟ್ಟೆ ಸುತ್ತಿದ ಹತ್ತಿಯ ಉಂಡೆಗೆ ಹಚ್ಚಿ ಮೆಲ್ಲಗೆ ತಟ್ಟಿದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತವೆ. ಬಿಡಿಸುವ ಮೊದಲೇ ಅಂಚಿನಲ್ಲಿ ಊರು, ದಿನಾಂಕ, ಸಂಪುಟದ ಸಂಖ್ಯೆ ಬರೆಯಬೇಕು. ಪದರ ಏಳುತ್ತಿರುವ ಕಲ್ಲಿಗೆ ಪಡಿಯಚ್ಚು ಬೇಡವೇ ಬೇಡ, ಫೋಟೊ ಅಥವಾ ತ್ರಿ-ಡಿ ಸ್ಕ್ಯಾನ್ ಸಾಕು.

ರಸ್ತೆ ಕೆಲಸ ಬಂದಾಗ

ಕಲ್ಲು ಇದ್ದಲ್ಲೇ ಉಳಿಯುವುದು ಮೊದಲ ಆಯ್ಕೆ. ಸ್ಥಳ ಬಿಟ್ಟ ವೀರಗಲ್ಲು ಕಾಳಗದ ಗುರುತನ್ನೂ ಕಳೆದುಕೊಳ್ಳುತ್ತದೆ, ಗಡಿಕಲ್ಲಿಗಂತೂ ಗಡಿಯೇ ಇಲ್ಲವಾಗುತ್ತದೆ. ಇದಕ್ಕೆ ಸಮಯ ಬಹಳ ಮುಖ್ಯ. ಗುತ್ತಿಗೆದಾರ ಜೆಸಿಬಿ ತಂದ ಮೇಲೆ ಅರ್ಜಿ ಕೊಟ್ಟರೆ ಪ್ರಯೋಜನವಿಲ್ಲ. ಅಂದಾಜುಪಟ್ಟಿ ತಯಾರಾಗುವಾಗಲೇ ಕಲ್ಲಿನ ಜಿಪಿಎಸ್ ಅಂಕಿ, ಫೋಟೊ, ಸಂಪುಟದ ಸಂಖ್ಯೆ ಸೇರಿಸಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್, ತಹಶೀಲ್ದಾರ್, ಪಂಚಾಯಿತಿ ಪಿಡಿಒ ಮತ್ತು ರಾಜ್ಯ ಪುರಾತತ್ವ ಇಲಾಖೆಗೆ ಲಿಖಿತವಾಗಿ ಕೊಡಬೇಕು. ರೈಸ್ ಸಂಖ್ಯೆ ಕಚೇರಿಯಲ್ಲಿ ತೂಕ ಕೊಡುತ್ತದೆ: ಇದು ಸರ್ಕಾರವೇ ಅಚ್ಚು ಹಾಕಿಸಿದ ದಾಖಲೆ.

ಸರಿಸಲೇಬೇಕಾದರೆ ಪುರಾತತ್ವ ಇಲಾಖೆಯ ಒಪ್ಪಿಗೆ, ಅವರ ಸಿಬ್ಬಂದಿಯ ಸಮ್ಮುಖ. 6 ಅಡಿ ಎತ್ತರ, 3 ಅಡಿ ಅಗಲ, ಅರ್ಧ ಅಡಿ ದಪ್ಪದ ಗ್ರಾನೈಟ್ ಚಪ್ಪಡಿ ಹತ್ತಿರ ಹತ್ತಿರ 700 ಕಿಲೊ ತೂಗುತ್ತದೆ. ನಾಲ್ಕು ಜನ ಹಾರೆ ಹಾಕಿ ಮೀಟಿದರೆ ಬುಡದಲ್ಲೇ ತುಂಡಾಗುತ್ತದೆ, ಮಣ್ಣಿನ ಮಟ್ಟದಲ್ಲಿ ಕಲ್ಲು ಆಗಲೇ ನಶಿಸಿರುವುದರಿಂದ. ಸುತ್ತಲೂ ಕೈಯಿಂದ ಅಗೆದು ಬುಡ ಪೂರ್ತಿ ಬಿಡಿಸಿ, ಗೋಣಿಚೀಲ ಸುತ್ತಿ, ಅಗಲ ಬಟ್ಟೆಬೆಲ್ಟು ಹಾಕಿ, ಮೂರುಗಾಲಿನ ಕಂಬಕ್ಕೆ 2 ಟನ್ನಿನ ಚೈನ್ ಬ್ಲಾಕ್ (ಸರಪಳಿ ರಾಟೆ) ಕಟ್ಟಿ ನೇರಕ್ಕೆ ಎತ್ತಬೇಕು. ಸರಪಳಿ ಕಲ್ಲಿಗೆ ತಾಗಬಾರದು, ಜೆಸಿಬಿ ಬಕೆಟ್ಟಿನ ಹಲ್ಲು ಅದರ ಹತ್ತಿರ ಬರಬಾರದು. ಮಲಗಿಸುವಾಗ ಬರಹದ ಮುಖ ಮೇಲೆ, ಅಡಿಗೆ ಮರಳು. ಅಗೆದ ಗುಂಡಿಯ ಮಣ್ಣನ್ನೂ ಜಾಲಿಸಬೇಕು. ಒಡೆದ ಚೂರಿನಲ್ಲಿ ಅರ್ಧ ಸಾಲು ಇದ್ದೀತು.

ಹೊಸ ಜಾಗ ಹಳೆಯದರಿಂದ ಕೂಗಳತೆಯಲ್ಲಿರಲಿ, ಮುಖ ಹಳೆಯ ದಿಕ್ಕಿಗೇ ಇರಲಿ. ರಸ್ತೆ ಪ್ರತಿ ಡಾಂಬರಿಗೂ ಏರುತ್ತದೆ, ಆದ್ದರಿಂದ ಕಟ್ಟೆ ಇವತ್ತಿನ ರಸ್ತೆಗಿಂತ ಕನಿಷ್ಠ ಎರಡು ಅಡಿ ಮೇಲಿರಬೇಕು. ಬುಡಕ್ಕೆ ಸಿಮೆಂಟು ಸುರಿದರೆ ಮುಂದೆ ಬಿಡಿಸಲಾಗದು, ಉಪ್ಪು ಕಲ್ಲಿಗೆ ಏರಿ ಮೈ ಸಿಪ್ಪೆಯೇಳುತ್ತದೆ. ಕಲ್ಲಿನ ಬುಡಕ್ಕೆ ಕಲ್ಲುಗಳ ಒತ್ತು ಕೊಟ್ಟು ಸುಣ್ಣದ ಗಾರೆಯಲ್ಲಿ ಕೂರಿಸಿ, ನೀರು ಹೊರಗೆ ಹರಿಯುವ ಓಟ ಕೊಡಬೇಕು. ಬಣ್ಣ, ಎಣ್ಣೆ, ಸುತ್ತ ಟೈಲ್ಸು ಬೇಡ. ಅಭಿಮಾನದಿಂದ ಬಳಿದ ಎನಾಮೆಲ್ ಬಣ್ಣವೇ ಮಳೆಗಿಂತ ಹೆಚ್ಚು ಅಕ್ಷರ ನುಂಗಿದೆ. ಊರಿನವರು ಪೂಜೆ ಮಾಡುತ್ತಿದ್ದರೆ ತಡೆಯಬೇಕಿಲ್ಲ, ಅರಿಶಿನ ಕುಂಕುಮಕ್ಕೆ ಬರಹವಿಲ್ಲದ ಪೀಠ ಕೊಟ್ಟರೆ ಒಪ್ಪುತ್ತಾರೆ. ಪಕ್ಕದ ಫಲಕದಲ್ಲಿ ಶಾಸನದ ಸಾರಾಂಶ ಮೂರು ಸಾಲು, ಕಾಲ, ಸಂಪುಟದ ಸಂಖ್ಯೆ, ಮತ್ತು ಕಲ್ಲು ಮೊದಲು ನಿಂತಿದ್ದ ಜಾಗದ ವಿಳಾಸ ಇರಬೇಕು. ಅದೇ ವಿಳಾಸ ಪಂಚಾಯಿತಿಯ ಆಸ್ತಿ ವಹಿಯಲ್ಲೂ ಒಂದು ಸಾಲಾಗಿ ದಾಖಲಾಗಬೇಕು, ಯಾಕೆಂದರೆ ಮುಂದಿನ ರಸ್ತೆ ಅಂದಾಜು ತಯಾರಿಸುವ ಎಂಜಿನಿಯರ್ ತೆರೆದು ನೋಡುವುದು ಶಾಸನ ಸಂಪುಟವನ್ನಲ್ಲ, ಆ ವಹಿಯನ್ನು.